ಬ್ಯಾಂಕ್ ಕಟ್ ಮಾಡಿಕೊಂಡ 3,540 ರೂಪಾಯಿ

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಬ್ಯಾಂಕ್ ನನ್ನ ಅಕೌಂಟಿನಿಂದ ಕಟ್ ಮಾಡಿಕೊಂಡದ್ದು 3,540 ರೂಪಾಯಿ. ಬೆನ್ನು ಬಿದ್ದು ವಾಪಸ್ ತಗೊಂಡದ್ದು 2,580. ಮಿಕ್ಕ 960 ರೂಪಾಯಿ ಬಿಟ್ಟೆ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಆ ಒಂದು ಬ್ಯಾಂಕಿನ ಕಥೆ ಆಗಿಬಿಡುತ್ತದೆ. ಸ್ಯಾಲರಿ ಅಕೌಂಟ್ ಇಟ್ಟುಕೊಂಡು ಕೆಲಸ ಬಿಟ್ಟ ಯಾರಿಗೆ ಬೇಕಾದರೂ ಇದು ಆಗಬಹುದು.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಕಂಪನಿಯವರೇ ಅಕೌಂಟ್ ಮಾಡಿಸಿಕೊಟ್ಟಿದ್ದರು. ಝೀರೋ ಬ್ಯಾಲೆನ್ಸ್, ಯಾವ ತಲೆನೋವೂ ಇರಲಿಲ್ಲ. 2023ರ ಮಧ್ಯದಲ್ಲಿ ಕೆಲಸ ಬಿಟ್ಟು ಶ್ರೀರಂಗಪಟ್ಟಣದಲ್ಲಿ ಸಣ್ಣದಾಗಿ ಟೂ-ವೀಲರ್ ಸರ್ವಿಸ್ ಅಂಗಡಿ ಹಾಕಿದೆ. ಆ ಅಕೌಂಟನ್ನು ಕ್ಲೋಸ್ ಮಾಡುವ ಹಾಗಿರಲಿಲ್ಲ. ನನ್ನ ಪಿಎಫ್‌ಗೆ ಲಿಂಕ್ ಆಗಿದ್ದು ಅದೇ ಅಕೌಂಟ್. ಆಗ ಬೇರೆ ಅಕೌಂಟ್ ಸೇರಿಸಬೇಕು ಅಂದರೆ ಹಳೇ ಕಂಪನಿಯವರು ಅಪ್ರೂವ್ ಮಾಡಬೇಕಿತ್ತು. ಬಿಟ್ಟು ಬಂದ ಕಂಪನಿಯ ಎಚ್‌ಆರ್ ಹಿಂದೆ ಓಡಾಡುವುದು ಯಾರಿಗೆ ಬೇಕು? ಪಿಎಫ್ ಬರುವವರೆಗೆ ಇರಲಿ ಅಂತ 2,140 ರೂಪಾಯಿ ಅದರಲ್ಲೇ ಇಟ್ಟಿದ್ದೆ.

ಸ್ಯಾಲರಿ ಅಕೌಂಟಿಗೆ ಕೆಲವು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕ್ ಅದನ್ನು ಮಾಮೂಲಿ ಸೇವಿಂಗ್ಸ್ ಅಕೌಂಟ್ ಮಾಡುತ್ತದೆ. ಆಗ ಮಿನಿಮಮ್ ಬ್ಯಾಲೆನ್ಸ್ ಶುರು. ನಮ್ಮ ಬ್ರಾಂಚಿನಲ್ಲಿ ತಿಂಗಳ ಸರಾಸರಿ 10,000 ಇರಬೇಕಿತ್ತು. ಒಂದು ದಿನ 10,000 ಇದ್ದರೆ ಸಾಲದು, ತಿಂಗಳಿನ ಎಲ್ಲ ದಿನದ ಬ್ಯಾಲೆನ್ಸ್ ಕೂಡಿ ದಿನಗಳಿಂದ ಭಾಗಿಸಿದರೆ ಅಷ್ಟು ಬರಬೇಕು. ಕಡಿಮೆ ಬಿದ್ದರೆ ಕೊರತೆಯ ಮೇಲೆ ಇಷ್ಟು ಪರ್ಸೆಂಟ್, ಇಲ್ಲವೇ 500 ರೂಪಾಯಿ, ಯಾವುದು ಕಡಿಮೆಯೋ ಅದು. ನನಗೆ ಪ್ರತಿ ತಿಂಗಳೂ 500 ಬಿತ್ತು. ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಒಟ್ಟು 590.

2024ರ ಮೇನಲ್ಲಿ ಪಿಎಫ್ ದುಡ್ಡು ಬಂತು. ಬಂದದ್ದಕ್ಕೂ ಬ್ಯಾಲೆನ್ಸಿಗೂ ತಾಳೆ ಆಗಲಿಲ್ಲ. ಇದ್ದ 2,140ರ ಗುರುತೇ ಇಲ್ಲ, ಪಿಎಫ್‌ನಲ್ಲೂ 1,400 ಕಡಿಮೆ. ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ ಅಂಗಡಿಯ ಬೆಂಚಿನ ಮೇಲೆ ಹರಡಿಕೊಂಡು ಪೆನ್ನಿನಲ್ಲಿ ಗೀಟು ಹಾಕುತ್ತಾ ಹೋದೆ. ನವೆಂಬರ್ 590, ಡಿಸೆಂಬರ್ 590, ಜನವರಿ 590. ಫೆಬ್ರವರಿಯಲ್ಲಿ ಇದ್ದದ್ದೇ 370, ಅದನ್ನು ಬಳಿದುಕೊಂಡು ಮಿಕ್ಕ 220 ಬಾಕಿ ಅಂತ ಬರೆದಿಟ್ಟಿದ್ದರು. ಮಾರ್ಚ್, ಏಪ್ರಿಲ್ ಎರಡೂ ಪೂರ್ತಿ ಬಾಕಿ. ಪಿಎಫ್ ಬಿದ್ದ ದಿನವೇ ಬಾಕಿಯ 1,400 ಎತ್ತಿಕೊಂಡಿದ್ದರು.

ಕೋಪ ಬಂತು, ನಿಜ. ಆದರೆ ಕೋಪಕ್ಕೆ ಯಾವ ಬ್ಯಾಂಕೂ ದುಡ್ಡು ಕೊಡುವುದಿಲ್ಲ. ರೂಲ್ ಏನು ಅಂತ ಹುಡುಕಿದೆ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ. 2015ರ ಏಪ್ರಿಲ್ 1ರಿಂದ ಜಾರಿ. ಸೇವಿಂಗ್ಸ್ ಅಕೌಂಟಿನಲ್ಲಿ ಮಿನಿಮಮ್ ಬ್ಯಾಲೆನ್ಸ್ ಕಡಿಮೆ ಆದರೆ ಬ್ಯಾಂಕ್ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಕಾಗದದಲ್ಲಿ ತಿಳಿಸಬೇಕು. ಸರಿ ಮಾಡಿಕೊಳ್ಳಲು ಒಂದು ತಿಂಗಳು ಕೊಡಬೇಕು. ಆಮೇಲೇ ದಂಡ. ದಂಡ ಕೊರತೆಗೆ ತಕ್ಕಂತೆ ಇರಬೇಕು. ಬರೀ ಈ ದಂಡದಿಂದಲೇ ಅಕೌಂಟ್ ಮೈನಸ್‌ಗೆ ಹೋಗಬಾರದು. ಇಷ್ಟೇ. ಚಾರ್ಜ್ ಹಾಕಲೇಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಈ ವ್ಯತ್ಯಾಸ ಗೊತ್ತಿರದೆ ಹೋದರೆ ಕೌಂಟರ್‌ನಲ್ಲಿ ಬಾಯಿ ಮುಚ್ಚಿಸಿ ಕಳಿಸುತ್ತಾರೆ.

ಹಾಗಾಗಿ ನನ್ನ ಹತ್ತಿರ ಇದ್ದದ್ದು ಎರಡೇ ಪಾಯಿಂಟ್. ಒಂದು, ಮುಂಚೆ ನೋಟಿಸ್ ಬಂದಿಲ್ಲ. ಮೊಬೈಲಿನಲ್ಲಿ ಹಳೇ ಮೆಸೇಜೆಲ್ಲ ಹಾಗೇ ಇತ್ತು, ‘590 ಡೆಬಿಟ್ ಆಗಿದೆ’ ಅನ್ನುವುದು ಬಿಟ್ಟರೆ ಬೇರೇನೂ ಇಲ್ಲ. ಎರಡು, ಅಕೌಂಟ್ ಸೊನ್ನೆಗೆ ಬಂದ ಮೇಲೂ ದಂಡ ಬೆಳೆಸಿ ಆಮೇಲೆ ಬಂದ ದುಡ್ಡಿನಲ್ಲಿ ಹಿಡಿದುಕೊಂಡಿದ್ದಾರೆ.

ಮಾವನಿಗೆ ಹೇಳಿದೆ. ಪಾಂಡವಪುರದವರು, ಕಬ್ಬು ಬೆಳೆಗಾರರು, ಬ್ಯಾಂಕಿನ ಬಾಗಿಲು ತುಳಿದು ತುಳಿದು ಪಳಗಿದವರು. ಅವರು ಅಂದದ್ದು, ‘ಮೂರ್ ಸಾವ್ರಕ್ಕೆ ಮ್ಯಾನೇಜರ್ ಜೊತೆ ಯಾಕ್ಲಾ ಕಿತ್ತಾಡೀಯೆ? ನಾಳೆ ಲೋನ್ ಕೇಳಾಕೆ ಅದೇ ಬಾಗ್ಲಿಗೆ ಓಗ್ಬೇಕಲ್ವಾ? ಬುಟ್ಬುಡು ಅತ್ಲಾಗೆ.’

ಈ ಮಾತನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಮಾವನ ಬೆಳೆ ಸಾಲ, ಅತ್ತೆಯ ಒಡವೆ ಸಾಲ, ಕಬ್ಬಿನ ಬಿಲ್ಲು, ಎಲ್ಲವೂ ಒಂದೇ ಬ್ರಾಂಚಿನಲ್ಲಿ. ಒಡವೆ ರಿನ್ಯೂವಲ್‌ಗೆ ಹೋದಾಗ ‘ಇವತ್ತು ಅಪ್ರೈಸರ್ ಬಂದಿಲ್ಲ, ನಾಳೆ ಬನ್ನಿ’ ಅಂದರೆ ಕೇಳುವವರು ಯಾರು? ಅದಕ್ಕೆ ದಾಖಲೆ ಇರುವುದಿಲ್ಲ, ದೂರು ಕೊಡಲೂ ಆಗುವುದಿಲ್ಲ. ಚಾರ್ಜ್ ವಾಪಸ್ ಕೇಳುವುದರಲ್ಲಿ ಅಪಾಯ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ನನಗೂ ಆಗ ಅಂಗಡಿಗೆ ಮುದ್ರಾ ಲೋನ್ ತೆಗೆಯುವ ಯೋಚನೆ ಇತ್ತು. ಆ ಅರ್ಜಿಯನ್ನು ಬೇರೆ ಬ್ಯಾಂಕಿಗೆ ಕೊಟ್ಟು, ಆಮೇಲೆ ಈ ಜಗಳಕ್ಕೆ ಇಳಿದೆ. ಇವರು ಸೇಡು ತೀರಿಸಿಕೊಳ್ಳುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿ ನೋಡುವ ಧೈರ್ಯ ಇರಲಿಲ್ಲ ಅಷ್ಟೇ.

ಇನ್ನೊಂದು ಕೆಲಸ ಮಾಡಿದ್ದು ಪಿಎಫ್ ದುಡ್ಡನ್ನು ಬೇರೆ ಅಕೌಂಟಿಗೆ ಹಾಕಿಕೊಂಡದ್ದು. ಪೂರ್ತಿ ಅಲ್ಲ, ದಂಡ ಬೀಳದ ಹಾಗೆ 10,000ಕ್ಕಿಂತ ಸ್ವಲ್ಪ ಜಾಸ್ತಿಯೇ ಅಲ್ಲಿ ಬಿಟ್ಟೆ. ಎಲ್‌ಐಸಿ ಕಂತು ಅಲ್ಲಿಂದ ಹೋಗುತ್ತಿತ್ತು, ಅದನ್ನೂ ಬದಲಾಯಿಸಿದೆ. ಅಕೌಂಟ್ ತೆರೆದ ದಿನದಿಂದ ಅವತ್ತಿನವರೆಗೆ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಇಟ್ಟುಕೊಂಡೆ. ಅಕೌಂಟ್ ಕ್ಲೋಸ್ ಆದರೆ ನೆಟ್‌ಬ್ಯಾಂಕಿಂಗ್ ಹೋಗುತ್ತದೆ, ಆಮೇಲೆ ಒಂದೊಂದು ಕಾಗದಕ್ಕೂ ಅವರನ್ನೇ ಕೇಳಿಕೊಂಡು ನಿಲ್ಲಬೇಕು.

ಬ್ರಾಂಚಿನಲ್ಲಿ ಮೊದಲು ಸಿಕ್ಕ ಉತ್ತರ ಎಲ್ಲರಿಗೂ ಗೊತ್ತಿರುವುದೇ. ‘ಸಾರ್, ಸಿಸ್ಟಮ್ಮೇ ಹಾಕುತ್ತೆ, ನಮ್ಮ ಕೈಯಲ್ಲಿ ಏನೂ ಇಲ್ಲ.’ ಕೌಂಟರಿನಲ್ಲಿದ್ದ ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಅರ್ಜಿ ಬರೆದುಕೊಂಡು ಹೋಗಿದ್ದೆ. ಎರಡು ಕಾಪಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲ್ ಮತ್ತು ತಾರೀಖು ಹಾಕಿಕೊಡಿ ಅಂದಾಗ ಮಾತ್ರ ಮುಖ ಬದಲಾಯಿತು. ‘ಇಲ್ಲೇ ಬಿಟ್ಟು ಹೋಗಿ ಸಾರ್, ನೋಡ್ತೀವಿ.’ ಸೀಲ್ ಬೀಳುವವರೆಗೆ ಕೌಂಟರ್ ಬಿಡಲಿಲ್ಲ. ಬ್ಯಾಂಕ್ ಉತ್ತರ ಕೊಡಲು ಇರುವ 30 ದಿನದ ಲೆಕ್ಕ ಆ ನೀಲಿ ಸೀಲಿನ ತಾರೀಖಿನಿಂದಲೇ ಶುರುವಾಗುವುದು. ಅದೇ ದಿನ ಬ್ಯಾಂಕಿನ ವೆಬ್‌ಸೈಟಿನಲ್ಲೂ ದೂರು ಹಾಕಿ ನಂಬರ್ ತಗೊಂಡೆ.

ಸ್ವಲ್ಪ ದಿನ ಆದ ಮೇಲೆ ಬ್ರಾಂಚಿನಿಂದ ಫೋನ್. ಡೆಪ್ಯುಟಿ ಮ್ಯಾನೇಜರ್ ತುಂಬಾ ಮರ್ಯಾದೆಯಿಂದ ಕೂರಿಸಿದರು, ಕಾಫಿ ತರಿಸಿದರು. ನೋಟಿಸನ್ನು ಇಮೇಲ್‌ನಲ್ಲಿ ಕಳಿಸಿದ್ದೇವೆ ಅಂದರು. ಯಾವ ಇಮೇಲ್? ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಹಳೇ ಕಂಪನಿ ಕೊಟ್ಟಿದ್ದ ಐಡಿ. ಕೆಲಸ ಬಿಟ್ಟ ದಿನವೇ ಕಂಪನಿ ಅದನ್ನು ಮುಚ್ಚಿತ್ತು. ಸಂಬಳ ನಿಂತಿದೆ ಅಂತ ಗೊತ್ತಾಗಿ ಅಕೌಂಟ್ ಬದಲಾಯಿಸುವ ಸಿಸ್ಟಮ್ಮಿಗೆ, ಸಂಬಳ ಕೊಡುತ್ತಿದ್ದ ಕಂಪನಿಯ ಇಮೇಲೂ ಇರುವುದಿಲ್ಲ ಅನ್ನುವಷ್ಟು ಗೊತ್ತಾಗಲ್ವಾ? ಡೆಬಿಟ್ ಮೆಸೇಜ್ ಕಳಿಸಲು ನನ್ನ ಮೊಬೈಲ್ ನಂಬರ್ ಸಿಗುತ್ತೆ, ನೋಟಿಸ್ ಕಳಿಸಲು ಸಿಗಲ್ವಾ? ಕೇಳಿದೆ. ಅವರು ನಕ್ಕರು.

ಆಮೇಲೆ ಡ್ರಾಯರಿನಿಂದ ಒಂದು ಟೈಪ್ ಮಾಡಿದ ಹಾಳೆ ತೆಗೆದರು. ನಾಲ್ಕೇ ಸಾಲು. ಎರಡು ತಿಂಗಳ ಚಾರ್ಜ್ 1,180 ರೂಪಾಯಿಯನ್ನು ‘ಗ್ರಾಹಕರ ಮೇಲಿನ ವಿಶ್ವಾಸಕ್ಕಾಗಿ’ ವಾಪಸ್ ಕೊಡುತ್ತೇವೆ. ಕೊನೆಯ ಸಾಲು, ನನ್ನ ದೂರು ತೃಪ್ತಿಕರವಾಗಿ ಮುಗಿದಿದೆ, ಈ ವಿಷಯದಲ್ಲಿ ಮುಂದೆ ಯಾವ ಹಕ್ಕೂ ಸಾಧಿಸುವುದಿಲ್ಲ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

ಬಹಳ ಜನ ಇಲ್ಲೇ ಸಹಿ ಹಾಕಿ ಎದ್ದು ಬರುತ್ತಾರೆ ಅಂತ ನನ್ನ ಅನಿಸಿಕೆ. ಕಾಫಿ ಕುಡಿದಿರುತ್ತೀವಿ, ಸಾಹೇಬರು ಮರ್ಯಾದೆ ಕೊಟ್ಟಿರುತ್ತಾರೆ, ಸಂಕೋಚ. ಆದರೆ ರಾಜಿ ಆಗಿದೆ ಅಂತ ಸಹಿ ಬಿದ್ದ ಮೇಲೆ ಮುಂದೆ ಹೋಗಿ ಕೇಳಲು ಬಾಯಿ ಇರುವುದಿಲ್ಲ. ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲಾ ಅಂತ ಕೇಳಿದೆ. ಅವರು ಹಾಳೆಯನ್ನು ವಾಪಸ್ ಡ್ರಾಯರಿಗೆ ಹಾಕಿದರು. ‘ಯೋಚನೆ ಮಾಡಿ ಹೇಳ್ತೀನಿ ಸಾರ್’ ಅಂತ ಬಂದೆ.

ಈ ನಡುವೆ ನನ್ನ ತಂಗಿಯ ಮಗ ಒಂದು ಉಪಕಾರ ಮಾಡಿದ. ನನ್ನ ಪರವಾಗಿ ಎಕ್ಸ್‌ನಲ್ಲಿ (ಹಳೇ ಟ್ವಿಟರ್) ಬ್ಯಾಂಕಿಗೆ ಬೈದು ಬರೆದ. ಅರ್ಧ ಗಂಟೆಯೊಳಗೆ ಬ್ಯಾಂಕಿನ ಲೋಗೋ ಇದ್ದ ಒಂದು ಖಾತೆ ಕ್ಷಮೆ ಕೇಳಿ ಮೊಬೈಲ್ ನಂಬರ್ ಕೇಳಿತು. ಹುಡುಗ ನನ್ನ ನಂಬರ್ ಕೊಟ್ಟ. ಸಂಜೆ ಫೋನ್ ಬಂತು. ‘ನಿಮ್ಮ 3,540 ರಿಫಂಡ್ ಸ್ಯಾಂಕ್ಷನ್ ಆಗಿದೆ ಸಾರ್, ಒಂದು ಆ್ಯಪ್ ಹಾಕಿಕೊಳ್ಳಿ, ನಾನು ಲೈನಲ್ಲೇ ಇರ್ತೀನಿ.’ ಮೊತ್ತ ಸರಿಯಾಗಿತ್ತು, ಹುಡುಗ ಅದನ್ನೂ ಬರೆದಿದ್ದ. ಆ ಆ್ಯಪ್ ನಮ್ಮ ಸ್ಕ್ರೀನನ್ನು ಅವರಿಗೆ ತೋರಿಸುವಂಥದ್ದು. ನಾನು ಬೇಡ ಅಂದೆ. ಹಾಗಾದರೆ ಯುಪಿಐ ರಿಕ್ವೆಸ್ಟ್ ಕಳಿಸುತ್ತೇನೆ, ಪಿನ್ ಹಾಕಿ ಸಾಕು ಅಂದ. ದುಡ್ಡು ಕೊಡುವುದಕ್ಕೆ ಪಿನ್ ಬೇಕು, ತಗೊಳ್ಳುವುದಕ್ಕೆ ಬೇಡ. ಅಂಗಡಿಯಲ್ಲಿ ದಿನಾ ಸ್ಕ್ಯಾನ್ ಮಾಡಿಸುವವನಿಗೆ ಇಷ್ಟು ಗೊತ್ತಿರುತ್ತದೆ. ಫೋನ್ ಇಟ್ಟು ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಅವನ ನಂಬರ್ ತಿಳಿಸಿದೆ. ಹುಡುಗನ ಕೈಯಲ್ಲಿ ಪೋಸ್ಟ್ ಡಿಲೀಟ್ ಮಾಡಿಸಿದೆ.

ಬ್ಯಾಂಕಿನ ಮೇಲೆ ಸಿಟ್ಟಿಗೆದ್ದು ದುಡ್ಡಿಗಾಗಿ ಕಾಯುತ್ತಿರುವವನು ಇಂಥ ಮೋಸಗಾರರಿಗೆ ಸುಲಭದ ಬೇಟೆ. ‘ರಿಫಂಡ್’ ಅನ್ನುವ ಪದ ಕೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. 3,540ರ ಆಸೆಗೆ ಅಕೌಂಟೇ ಖಾಲಿ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದರೂ ಇದೇ ಗತಿ ಆಗಬಹುದು. ಎಟಿಎಂ ಕಾರ್ಡಿನ ಹಿಂದೆ ಇರುವ ನಂಬರ್ ಒಳ್ಳೆಯದು. ಪೇಟೆಯಲ್ಲಿ ಒಬ್ಬರು ‘ನಾನು ವಾಪಸ್ ಕೊಡಿಸ್ತೀನಿ, ಬಂದದ್ದರಲ್ಲಿ ಅರ್ಧ ಕೊಡಿ’ ಅಂದರು. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳಿದರು. ನಮಸ್ಕಾರ ಹೇಳಿ ಬಂದೆ.

30 ದಿನ ಮುಗಿಯುವ ಹೊತ್ತಿಗೆ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಬಂತು. ಚಾರ್ಜುಗಳು ನಿಯಮದ ಪ್ರಕಾರವೇ ಇವೆ, ದೂರು ಮುಗಿಸಲಾಗಿದೆ. ಇಂಥ ಉತ್ತರ ಬಂದಾಗ ಬೇಜಾರಾಗುವುದು ಸಹಜ, ಆದರೆ ಮುಂದೆ ಹೋಗಲು ಬೇಕಿದ್ದದ್ದೇ ಅದು. ಬ್ಯಾಂಕ್ ಇಲ್ಲ ಅಂದಿರಬೇಕು, ಅಥವಾ 30 ದಿನ ಬಾಯಿ ಬಿಡದೆ ಇರಬೇಕು. ಆಗ ಮಾತ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಯ ಹತ್ತಿರ ಹೋಗಬಹುದು. ನೇರವಾಗಿ ಹೋದರೆ ಮೊದಲ ಹಂತದಲ್ಲೇ ದೂರು ಬಿದ್ದುಹೋಗುತ್ತದೆ. ಆಗಿನ ನಿಯಮದಲ್ಲಿ ಬ್ಯಾಂಕಿನ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕಿತ್ತು.

ನಾನು ದೂರು ಕೊಟ್ಟಾಗ ಇದ್ದ ಓಂಬುಡ್ಸ್‌ಮನ್ ಯೋಜನೆ ಶುರುವಾದದ್ದು 2021ರ ನವೆಂಬರ್ 12ರಂದು. ಸಿಎಂಎಸ್ ಅನ್ನುವ ರಿಸರ್ವ್ ಬ್ಯಾಂಕ್ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಫೀಸ್ ಇಲ್ಲ, ಒಂದು ಪೈಸೆಯೂ ಇಲ್ಲ. ಕಾಗದದಲ್ಲಿ ಕಳಿಸುವವರು ಚಂಡೀಗಢದ ಕೇಂದ್ರಕ್ಕೆ ಕಳಿಸಬೇಕು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ವಕೀಲರ ಮೂಲಕ ದೂರು ಹಾಕುವ ಹಾಗಿಲ್ಲ. ಇದೇ ವಿಷಯ ಕೋರ್ಟಿನಲ್ಲಿ ನಡೆಯುತ್ತಿದ್ದರೆ ಇವರು ಮುಟ್ಟುವುದಿಲ್ಲ. ಗೊತ್ತಿದ್ದ ಒಬ್ಬ ವಕೀಲರು ‘ಕನ್ಸ್ಯೂಮರ್ ಕೋರ್ಟಿಗೆ ಹಾಕೋಣ, ಮಾನಸಿಕ ಹಿಂಸೆ ಅಂತ ಐವತ್ತು ಸಾವಿರ ಕೇಳೋಣ’ ಅಂದಿದ್ದರು. ಗ್ರಾಹಕರ ಆಯೋಗದಲ್ಲೂ ಸಣ್ಣ ಮೊತ್ತಕ್ಕೆ ಫೀಸ್ ಇಲ್ಲ, ಎರಡು ವರ್ಷದ ಅವಧಿ ಇದೆ. ಆದರೆ ಪ್ರತಿ ತಾರೀಖಿಗೂ ಅಂಗಡಿ ಬಾಗಿಲು ಹಾಕಿದರೆ ಆ ದಿನದ ದುಡಿಮೆಯನ್ನು ಯಾರು ಕೊಡುತ್ತಾರೆ?

ದೂರಿನಲ್ಲಿ ಐವತ್ತು ಸಾವಿರ ಕೇಳಲಿಲ್ಲ. 3,540 ಮತ್ತು ಅದರ ಕಾರಣ ಮಾತ್ರ ಬರೆದೆ. ಬೈಗುಳ ಇಲ್ಲ, ‘ಬಡವರ ರಕ್ತ ಹೀರುವ’ ಅನ್ನುವಂಥ ಮಾತಿಲ್ಲ. ಸ್ಟೇಟ್‌ಮೆಂಟ್, ಮೆಸೇಜುಗಳ ಸ್ಕ್ರೀನ್‌ಶಾಟ್, ಸೀಲ್ ಬಿದ್ದ ಅರ್ಜಿ, ಬ್ಯಾಂಕಿನ ಉತ್ತರ, ಕಂಪನಿಯ ರಿಲೀವಿಂಗ್ ಲೆಟರ್ ಸೇರಿಸಿದೆ. ಇಮೇಲ್ ಐಡಿ ಯಾವತ್ತು ಸತ್ತಿತು ಅನ್ನುವುದಕ್ಕೆ ಆ ಲೆಟರಿನ ತಾರೀಖೇ ಸಾಕ್ಷಿ.

ಆ ಸಮಯದಲ್ಲೇ, 2024ರ ಜುಲೈನಲ್ಲಿ, ಲೋಕಸಭೆಯಲ್ಲಿ ಒಂದು ಉತ್ತರ ಬಂದಿತ್ತು. 2019-20ರಿಂದ 2023-24ರವರೆಗಿನ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ದಂಡ ಅಂತ ಸುಮಾರು 8,500 ಕೋಟಿ ವಸೂಲಿ ಮಾಡಿದ್ದವು. ಸ್ಟೇಟ್ ಬ್ಯಾಂಕ್ 2020ರಲ್ಲೇ ಈ ದಂಡ ನಿಲ್ಲಿಸಿದ ಮೇಲೂ ಇಷ್ಟು. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ತೆಗೆದುಹಾಕಿತು, ಆಮೇಲೆ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು. 10,000 ಇಡಲಾಗದವನ ಹತ್ತಿರವೇ 590 ಕಿತ್ತುಕೊಳ್ಳುವ ಲೆಕ್ಕ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಓಂಬುಡ್ಸ್‌ಮನ್ ಕಚೇರಿಯಿಂದ ಬ್ಯಾಂಕಿಗೆ ಪತ್ರ ಹೋದ ಮೇಲೆ ದನಿಯೇ ಬದಲಾಯಿತು. ಬ್ರಾಂಚಿನವರಲ್ಲ, ಬ್ಯಾಂಕಿನ ಇಂಥ ದೂರು ನೋಡಿಕೊಳ್ಳುವ ಮೇಲಿನ ನೋಡಲ್ ಆಫೀಸಿನಿಂದ ಒಬ್ಬರು ಮಾತಾಡಿದರು. ಕೆಲಸ ಗೊತ್ತಿದ್ದ ಮನುಷ್ಯ. ಅವರ ವಾದ ಹೀಗಿತ್ತು. ಮೊದಲ ಚಾರ್ಜಿಗೆ ಮುಂಚೆ ಸರಿಯಾದ ನೋಟಿಸ್ ಇಲ್ಲ, ಒಪ್ಪುತ್ತೇವೆ. ಆದರೆ ನವೆಂಬರ್‌ನ ಡೆಬಿಟ್ ಮೆಸೇಜ್ ನೋಡಿದಾಗ ನಿಮಗೆ ಬ್ಯಾಲೆನ್ಸ್ ಕಡಿಮೆ ಅಂತ ಗೊತ್ತಾಗಿದೆ. ಅಲ್ಲಿಂದ ಒಂದು ತಿಂಗಳು ಬಿಟ್ಟರೆ ಜನವರಿಯಿಂದ ಚಾರ್ಜ್ ಸರಿ. ಇನ್ನು ಸೊನ್ನೆ ಆದ ಮೇಲೆ ಹಾಕಿ ಪಿಎಫ್‌ನಲ್ಲಿ ಹಿಡಿದ 1,400, ಅದನ್ನು ಕೊಟ್ಟುಬಿಡುತ್ತೇವೆ. ಅಂದರೆ ನವೆಂಬರ್, ಡಿಸೆಂಬರ್‌ನ 1,180 ಮತ್ತು ಈ 1,400. ಒಟ್ಟು 2,580.

ಡೆಬಿಟ್ ಆದ ಮೇಲೆ ಬರುವ ಮೆಸೇಜ್ ಮುಂಚಿನ ನೋಟಿಸ್ ಹೇಗಾಗುತ್ತದೆ ಅಂತ ವಾದ ಮಾಡಿದೆ. ಅವರು ಬಗ್ಗಲಿಲ್ಲ. ರಾಜಿ ಬೇಡ, ತೀರ್ಪೇ ಬೇಕು ಅಂತ ಕೂತರೆ 960 ಕೂಡ ಬರಬಹುದಿತ್ತು. ನನ್ನ ವಿರುದ್ಧವೂ ಆಗಬಹುದಿತ್ತು. ದುಡ್ಡು ಅಕೌಂಟಿಗೆ ಬೀಳಲಿ, ಆಮೇಲೆ ಒಪ್ಪಿಗೆ ಬರೆದುಕೊಡುತ್ತೇನೆ ಅಂದೆ. ಜಿಎಸ್‌ಟಿ ಸಮೇತ 2,580 ಬಿತ್ತು, ಬರೆದುಕೊಟ್ಟೆ. ಮಾವನಿಗೆ ಹೇಳಿದರೆ ‘ಕೊಟ್ರಾ?’ ಅಂತ ನಂಬದೆ ಪಾಸ್‌ಬುಕ್ ತಗೊಂಡು ನೋಡಿದರು.

ಎಲ್ಲ ಕಟ್ಟೂ ಅನ್ಯಾಯ ಅಲ್ಲ ಅನ್ನುವುದನ್ನೂ ಸೇರಿಸಬೇಕು. ಅಮ್ಮನ ಅಕೌಂಟಿನಲ್ಲಿ ವರ್ಷಕ್ಕೊಮ್ಮೆ 436 ಮತ್ತು 20 ರೂಪಾಯಿ ಹೋಗುತ್ತಿತ್ತು. ಅದನ್ನೂ ಕೇಳೋಣ ಅಂತ ಎದ್ದಿದ್ದೆ. ನೋಡಿದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆ, ಎರಡರಲ್ಲೂ ಎರಡೆರಡು ಲಕ್ಷದ ಕವರ್. ಅಮ್ಮ ಸಹಿ ಮಾಡಿದ ಫಾರಂ ಬ್ಯಾಂಕಿನಲ್ಲಿತ್ತು. ಕೇಳಿ ನಿಲ್ಲಿಸಿಬಿಟ್ಟರೆ ನಷ್ಟ ನಮಗೇ. ಕೇಳದೆ ಹಾಕಿದ್ದರೆ ಮಾತ್ರ ಬೇರೆ ಮಾತು.

ಸಾಲದ ಅಕೌಂಟಿನಲ್ಲಿ ಜಗಳ ಆಡುವವರು ಇನ್ನೂ ಹುಷಾರಾಗಿರಬೇಕು. ಮಂಡ್ಯದ ನನ್ನ ಸ್ನೇಹಿತನಿಗೆ ಬೈಕ್ ಲೋನಿನಲ್ಲಿ ಬೌನ್ಸ್ ಚಾರ್ಜ್ ಮೇಲೆ ಬೌನ್ಸ್ ಚಾರ್ಜ್ ಬಿದ್ದಿತ್ತು. ಅವನ ದೂರಿನಲ್ಲಿ ಹುರುಳಿತ್ತು. ಲೋನ್ ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಆದರೆ ಇವನು ‘ಅದನ್ನು ತೆಗೆಯುವವರೆಗೆ ಕಂತೇ ಕಟ್ಟಲ್ಲ’ ಅಂತ ಹಠಕ್ಕೆ ಬಿದ್ದ. ಚಾರ್ಜಿನ ಜಗಳ ಎಲ್ಲೋ ಉಳಿಯಿತು, ಕಂತು ಬಾಕಿ ಅನ್ನುವುದು ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ಗೆ ಹೋಯಿತು. ಆಮೇಲೆ ಮನೆ ರಿಪೇರಿಗೆ ಸಾಲ ಕೇಳಿದಾಗ ಸ್ಕೋರ್ ನೋಡಿ ವಾಪಸ್ ಕಳಿಸಿದರು. ಕಂತು ಕಟ್ಟುತ್ತಲೇ ದೂರು ಕೊಡಬೇಕಿತ್ತು.

ನನ್ನ ಅಕೌಂಟನ್ನು ಆಮೇಲೆ ಬೇಸಿಕ್ ಸೇವಿಂಗ್ಸ್ ಅಕೌಂಟ್ ಮಾಡಿಸಿದೆ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್ ಫ್ರೀ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಪುಕ್ಕಟೆಯಾಗಿ ದುಡ್ಡು ತೆಗೆಯಬಹುದು. ‘ಅದು ಜನ್‌ಧನ್‌ನವರಿಗೆ ಸಾರ್’ ಅಂದರು ಕೌಂಟರ್‌ನಲ್ಲಿ. ಹಾಗೇನಿಲ್ಲ, ಯಾರು ಬೇಕಾದರೂ ತೆರೆಯಬಹುದು, ಅದೇ ಬ್ಯಾಂಕಿನಲ್ಲಿ ಇನ್ನೊಂದು ಸೇವಿಂಗ್ಸ್ ಅಕೌಂಟ್ ಇರಬಾರದು ಅಷ್ಟೇ. ಅರ್ಜಿ ಎರಡು ಕಾಪಿ ಬರೆದುಕೊಂಡು ಹೋಗಿದ್ದೆ, ಈ ಸಲ ಕೇಳುವ ಮುಂಚೆಯೇ ಸೀಲ್ ಹಾಕಿದರು. ಅಂಗಡಿಯ ವ್ಯವಹಾರ ಈಗ ಬೇರೆ ಬ್ಯಾಂಕಿನ ಕರೆಂಟ್ ಅಕೌಂಟಿನಲ್ಲಿದೆ. 2014ರ ಆ ಸುತ್ತೋಲೆ ಸೇವಿಂಗ್ಸ್ ಅಕೌಂಟಿಗೆ ಮಾತ್ರ, ಕರೆಂಟ್ ಅಕೌಂಟಿಗೆ ಇಲ್ಲ. ಹಾಗಾಗಿ ಅದನ್ನು ತೆರೆಯುವ ದಿನವೇ ಚಾರ್ಜುಗಳ ಪಟ್ಟಿ ಪ್ರಿಂಟ್ ಕೊಡಿ ಅಂತ ಕೇಳಿ ತಗೊಂಡು ಬಂದಿದ್ದೇನೆ.